ಮೂರನೇ ಚೌಕ

ಇಪ್ಪತ್ತಾರು ವರ್ಷ ಒಂದೇ ಶಾಲೆಯಲ್ಲಿ ಹನ್ನೊಂದು ಪಾಯಖಾನೆ ತೊಳೆದಿದ್ದೇನೆ. ಒಂದರಲ್ಲೂ ಕೂತಿರಲಿಲ್ಲ.

ಎಂಟು ಮಕ್ಕಳವು. ಎರಡು ಮೇಷ್ಟ್ರುಗಳವು. ಒಂದು ಹೆಡ್ ಮೇಡಂದು. ಮಕ್ಕಳ ಪಾಯಖಾನೆಗಳ ಬಾಗಿಲ ಮೇಲೆ ‘ವಿದ್ಯಾರ್ಥಿಗಳಿಗೆ ಮಾತ್ರ’ ಅಂತ ಬಣ್ಣದಲ್ಲಿ ಬರೆದಿದೆ. ಉಳಿದ ಮೂರಕ್ಕೆ ಬೀಗ. ಬೀಗದ ಕೈಗಳು ಆಫೀಸಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತವೆ. ಬೆಳಿಗ್ಗೆ ಏಳಕ್ಕೆ ನಾವು ಅವನ್ನು ತೆಗೆದುಕೊಳ್ಳಬೇಕು, ಹೋಗಿ ಉಜ್ಜಬೇಕು, ಬೀಗ ಹಾಕಬೇಕು, ತಂದು ಮೊಳೆಗೆ ಸಿಕ್ಕಿಸಬೇಕು. ಉಜ್ಜುವುದಕ್ಕೆ ಬೀಗದ ಕೈ ನಮ್ಮದು. ಕೂರುವುದಕ್ಕೆ ಅವರದು.

ಈ ನಿಯಮ ಯಾರು ಮಾಡಿದರು ಅಂತ ಯಾರಿಗೂ ಗೊತ್ತಿಲ್ಲ. ನಾನು ಸೇರಿದ ದಿನ ನನಗಿಂತ ಹಿಂದಿನವಳು ಹೇಳಿಕೊಟ್ಟಳು. ಅವಳಿಗೆ ಅವಳಿಗಿಂತ ಹಿಂದಿನವಳು. ಪೊರಕೆ ಎಲ್ಲಿದೆ, ಆಸಿಡ್ ಎಷ್ಟು ಹಾಕಬೇಕು, ಎಲ್ಲಿ ಕೂರಬಾರದು. ಮೂರನ್ನೂ ಒಂದೇ ಉಸಿರಲ್ಲಿ ಹೇಳಿದ್ದಳು.

ನಾವು ನಾಲ್ಕು ಜನ ಹೆಂಗಸರು. ಶಾಲೆಯ ಹಿಂದೆ ಮುರಿದ ಬೆಂಚುಗಳನ್ನು ಪೇರಿಸಿದ್ದರು. ಆ ಬೆಂಚಿಗೂ ಕಾಂಪೌಂಡಿಗೂ ನಡುವೆ ಒಬ್ಬರು ಕುಕ್ಕರಿಸುವಷ್ಟು ಸಂದಿ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ನಿಂತು ಕೆಮ್ಮಬೇಕು. ಮಳೆ ಬಂದರೆ ಗೋಣಿಚೀಲ ತಲೆಗೆ. ತಿಂಗಳಿನ ದಿನಗಳಲ್ಲಿ ಏನು ಮಾಡುತ್ತಿದ್ದೆವು ಅಂತ ಬರೆಯುವುದಿಲ್ಲ. ತಿಳಿಯುವವರಿಗೆ ತಿಳಿಯುತ್ತದೆ.

ನಮ್ಮಲ್ಲಿ ಒಬ್ಬಳನ್ನು ಗಟ್ಟಿಬಾಯಿ ಅಂತ ಕರೆಯುತ್ತೇವೆ. ನನ್ನ ಜೊತೆ ಹದಿನಾಲ್ಕು ವರ್ಷದಿಂದ ಬಕೆಟ್ ಹೊರುತ್ತಾಳೆ. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಅವಳು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಕುಡಿದರೆ ತಾನೆ ಹೋಗಬೇಕು? ಹೋದ ವರ್ಷ ಉರಿಮೂತ್ರ ಶುರುವಾಯಿತು. ಆಮೇಲೆ ಚಳಿಜ್ವರ. ಆಮೇಲೆ ರಕ್ತ. ಡಾಕ್ಟರು ಬೈದು ಕಳಿಸಿದರು. “ದಿನಕ್ಕೆ ಮೂರು ಲೀಟರ್ ಕುಡಿ. ಬಂದಾಗ ತಡೀಬೇಡ. ಇನ್ನೊಂದು ಸಲ ಹೀಗಾದರೆ ಒಂದು ಕಿಡ್ನಿ ಹೋದಂಗೇ.”

ಅವಳು ದೊಡ್ಡ ಬಾಟಲಿ ಹಿಡಿದು ಬರತೊಡಗಿದಳು. ಅದೇ ವಾರ ಯಾರೋ ಮುರಿದ ಬೆಂಚಿನ ಕಬ್ಬಿಣ ಕದ್ದರು. ಹಿಂದಿನ ಗೋಡೆಗೆ ಕ್ಯಾಮರಾ ಬಂತು. ಅದರ ಪರದೆ ಆಫೀಸಿನ ಗುಮಾಸ್ತನ ಮೇಜಿನ ಮೇಲೆ. ಸಂದಿ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಗುಮಾಸ್ತ ನಮ್ಮನ್ನು ಕರೆದು ತೋರಿಸಿದ. “ಇನ್ಮೇಲೆ ಅಲ್ಲಿ ಸುಳಿದಾಡಬೇಡಿ ಕಣ್ರಮ್ಮ, ಎಲ್ಲಾ ಕಾಣುತ್ತೆ” ಅಂದು ನಕ್ಕ.

“ಡಾಕ್ಟ್ರು ಕುಡಿ ಅಂತಾರೆ, ಇವರು ಬಿಡಬೇಡ ಅಂತಾರೆ” ಅಂದಳು ಗಟ್ಟಿಬಾಯಿ. “ನಾನೇನು ಮಡಕೆನಾ ದೊಡ್ಡಕ್ಕ, ತುಂಬಿಸಿ ಮೂಲೆಲಿಡೋಕೆ?”

ಎಲ್ಲರಿಗಿಂತ ಹಿರಿಯಳು ನಾನು. ನಾನೇ ಹೆಡ್ ಮೇಡಂ ಹತ್ತಿರ ಹೋದೆ. ಒಂದೇ ಒಂದು ಬೀಗದ ಕೈ ಕೇಳಿದೆ. ಮೇಷ್ಟ್ರುಗಳ ಎರಡರಲ್ಲಿ ಯಾವುದಾದರೂ ಒಂದರದ್ದು.

ಮೇಡಂ ಕನ್ನಡಕ ತೆಗೆದರು. “ಬಾಯಲ್ಲಿ ಹೇಳಿದ್ರೆ ಆಗಲ್ಲ ಕಣಮ್ಮ. ಬರೆದು ಕೊಡು. ಯಾಕೆ ಬೇಕು ಅಂತ ಕಾರಣ ಕೊಡು. ಕಮಿಟಿ ಮುಂದೆ ಇಡ್ತೀನಿ. ಎಲ್ಲದಕ್ಕೂ ಒಂದು ಪದ್ಧತಿ ಅಂತ ಇದೆ.”

ಯಾಕೆ ಬೇಕು ಅಂತ ಕಾರಣ! ಆ ಹೆಂಗಸಿಗೂ ನನ್ನ ಹಾಗೇ ಹೊಕ್ಕಳ ಕೆಳಗೊಂದು ಚೀಲ ಇದೆ. ದಿನಕ್ಕೆ ಐದು ಸಲ ಆ ಬೀಗ ತೆಗೆಯುತ್ತಾಳೆ. ಒಂದು ಸಲವಾದರೂ ಯಾರಿಗಾದರೂ ಬರೆದು ಕೊಟ್ಟಿದ್ದನ್ನು ನಾನು ನೋಡಿಲ್ಲ.

ಬರೆಯುವುದು ಅಂದಕೂಡಲೇ ನನಗೆ ಪ್ರಬಂಧದ ಮೇಷ್ಟ್ರು ನೆನಪಾದರು.

ನನ್ನನ್ನು ಮಕ್ಕಳು ಬೋರ್ಡಜ್ಜಿ ಅಂತ ಕರೆಯುತ್ತಾರೆ. ಸಂಜೆ ಎಲ್ಲಾ ಕ್ಲಾಸಿನ ಬೋರ್ಡು ಒರೆಸುವುದು ನಾನು. ಪ್ರಬಂಧದ ಮೇಷ್ಟ್ರ ಪಾಠ ಕೊನೆಯ ಪೀರಿಯಡ್ಡು. ಒರೆಸುವ ಬಟ್ಟೆ ಹಿಡಿದು ಬಾಗಿಲ ಹೊರಗೆ ಕಾಯುತ್ತಾ ಹದಿನೇಳು ವರ್ಷ ಅವರ ಪಾಠ ಕೇಳಿದ್ದೇನೆ. ವರ್ಷ ವರ್ಷವೂ ಅದೇ. ಬೋರ್ಡಿನ ಮೇಲೆ ನಾಲ್ಕು ಚೌಕ. ಒಂದರಲ್ಲಿ, ನಿನ್ನ ನಿಲುವು ಏನು. ಎರಡರಲ್ಲಿ, ಅದಕ್ಕೆ ಮೂರು ಕಾರಣ. ಮೂರರಲ್ಲಿ, ಎದುರಿನವರು ಏನಂತಾರೆ, ಅದಕ್ಕೆ ನಿನ್ನ ಉತ್ತರ ಏನು. ನಾಲ್ಕರಲ್ಲಿ, ಮುಕ್ತಾಯ. “ಸರಿಯಾಗಿ ಯೋಜನೆ ಹಾಕಿ ಬರೆದ ಪ್ರಬಂಧ ಕಲ್ಲಿನ ಮನಸ್ಸನ್ನೂ ಒಪ್ಪಿಸುತ್ತೆ” ಅನ್ನುತ್ತಿದ್ದರು. ಸೀಮೆಸುಣ್ಣದ ಕೈಯನ್ನು ಎದೆಯ ಮೇಲೆ ಇಟ್ಟುಕೊಂಡು ಅನ್ನುತ್ತಿದ್ದರು.

ಒಳ್ಳೆಯ ಮನುಷ್ಯ ಅಂತ ಹೆಸರು. ನಮ್ಮನ್ನೂ ಬಹುವಚನದಲ್ಲಿ ಮಾತಾಡಿಸುತ್ತಾರೆ. ಯಾರ ಮೇಲೂ ಕೂಗಾಡುವುದಿಲ್ಲ. ಕೂಗುವಂಥದ್ದು ಅವರ ಬಾಳಿನಲ್ಲಿ ಏನೂ ನಡೆದಿಲ್ಲ, ಅಷ್ಟೇ.

ನಾನು ಅವರನ್ನು ನಂಬಿದೆ. ಮೂರನೇ ಕ್ಲಾಸು ಓದಿದವಳಿಗೆ ಓದಿದವರ ಮೇಲೆ ಇರುವ ನಂಬಿಕೆ ದೊಡ್ಡದು.

ಆವತ್ತು ಸಂಜೆ ಬೋರ್ಡು ಒರೆಸದೆ ನಿಂತು ವಿಷಯ ಹೇಳಿದೆ. ಮೇಷ್ಟ್ರಿಗೆ ಬಹಳ ಖುಷಿಯಾಯಿತು. “ಕೂತ್ಕೊಳಿ ಅಮ್ಮಾ. ಇಬ್ಬರೂ ಸೇರಿ ಯೋಜನೆ ಹಾಕೋಣ” ಅಂದರು. ನಾನು ಕೂರಲಿಲ್ಲ. ಅವರು ಬಿಳಿ ಹಾಳೆಯ ಮೇಲೆ ನಾಲ್ಕು ಚೌಕ ಎಳೆದರು.

ಮೊದಲ ಚೌಕ ಸುಲಭ. ಒಂದು ಬೀಗದ ಕೈ ಕೊಡಿ.

ಎರಡನೆಯದೂ ಸುಲಭ. ಒಂಬತ್ತು ಗಂಟೆ ಕೆಲಸ. ಹತ್ತಿರದಲ್ಲಿ ಬೇರೆ ಜಾಗ ಇಲ್ಲ. ಒಬ್ಬಳ ಕಿಡ್ನಿ ಹೋಗುವುದರಲ್ಲಿದೆ.

“ಈಗ ಮೂರನೆಯದು” ಅಂದರು ಮೇಷ್ಟ್ರು. “ಕೊಡಬಾರದು ಅನ್ನೋರು ಏನಂತಾರೆ? ಯೋಚನೆ ಮಾಡಿ.”

“ಅದನ್ನ ನಾವ್ಯಾಕೆ ಹೇಳಬೇಕು ಸಾರ್? ಅವರೇ ಹೇಳ್ಕೊಳ್ಳಲಿ.”

“ಅಲ್ಲೇ ಎಲ್ಲರೂ ಎಡವೋದು!” ಮೇಷ್ಟ್ರು ಕಣ್ಣರಳಿಸಿದರು. “ಅವರು ಹೇಳೋಕೆ ಮುಂಚೆ ನೀವೇ ಹೇಳಿಬಿಡಬೇಕು. ಆಗ ಅವರ ಬಾಯಿ ಕಟ್ಟಿ ಹೋಗುತ್ತೆ. ನೀವು ನ್ಯಾಯವಂತರು ಅಂತ ಗೊತ್ತಾಗುತ್ತೆ. ಹೇಳಿ, ಸಂಕೋಚ ಬೇಡ.”

ನಾನು ಗೋಡೆ ನೋಡಿಕೊಂಡು ಹೇಳಿದೆ. “ನಮ್ಮ ಮೈಯಲ್ಲಿ ಕೊಳೆ ಅಂಟಿರುತ್ತೆ, ನಾವು ಕೂತ ಕಡೆ ಅವರು ಕೂತರೆ ರೋಗ ಬರುತ್ತೆ ಅಂತಾರೆ.”

“ಭೇಷ್! ಎಷ್ಟು ಬಲವಾಗಿ ಹೇಳಿದ್ರಿ. ಇದನ್ನ ನಿಮ್ಮ ಮಾತಲ್ಲೇ ಇಡ್ತೀನಿ.” ಬರೆದರು. “ಇದಕ್ಕೆ ನಿಮ್ಮ ಉತ್ತರ?”

“ಅವರ ಹೇಲನ್ನ ನಾವು ಕೈಯಲ್ಲಿ ಉಜ್ಜಿದ ಮೇಲೆ ತಾನೆ ಅವರು ಅಲ್ಲಿ ಕೂರೋದು? ರೋಗ ಬರೋದಾದ್ರೆ ಯಾರಿಂದ ಯಾರಿಗೆ ಬರಬೇಕು?”

ಮೇಷ್ಟ್ರ ಮುಖ ಚಿಕ್ಕದಾಯಿತು. “ಇದು ಸ್ವಲ್ಪ ಒರಟಾಯ್ತು ಅಮ್ಮಾ. ಓದೋರಿಗೆ ನೋವಾದ್ರೆ ಒಪ್ಪಲ್ಲ. ಮೃದು ಮಾಡೋಣ.” ಅವರೇ ಬರೆದರು. ‘ನಾವು ಪ್ರತಿಸಲವೂ ಸೋಪಿನಿಂದ ಕೈ ತೊಳೆದುಕೊಳ್ಳುತ್ತೇವೆಂದು ವಿನಯಪೂರ್ವಕವಾಗಿ ಭರವಸೆ ನೀಡುತ್ತೇವೆ.’

ಅವರ ಕಡೆಯ ಮಾತು ನನ್ನ ಬಾಯಲ್ಲಿ ಬಂದ ಹಾಗೇ ಉಳಿಯಿತು. ನನ್ನ ಕಡೆಯ ಮಾತಿಗೆ ಸೋಪು ಹಚ್ಚಿದರು. ನಾನು ಕೆಳಗೆ ಸಹಿ ಹಾಕಿದೆ.

“ಒಂದು ಮಾತು. ಇದನ್ನ ಒಂಬತ್ತನೇ ಕ್ಲಾಸಿಗೆ ಪಾಠಕ್ಕೆ ಬಳಸಲಾ? ನಿಜವಾದ ವಿಷಯ. ಇಂಥದ್ದು ಸಿಗೋದೇ ಇಲ್ಲ.”

ನಲವತ್ತು ಮಕ್ಕಳು ನಮ್ಮ ಪರವಾಗಿ ಬರೆಯುತ್ತಾರೆ ಅಂದುಕೊಂಡೆ. ಹೂಂ ಅಂದೆ.

ನನ್ನ ಮಗಳ ಮಗಳು ಅದೇ ಕ್ಲಾಸು. ಆಳು ಚಿಕ್ಕದು, ಬಾಯಿ ಖಾರ. ಮೆಣಸು ಅಂತಲೇ ಕರೆಯುತ್ತೇವೆ. ಕೆಲಸದವರ ಮನೆಯ ಮಕ್ಕಳಿಗೆ ಆ ಶಾಲೆಯಲ್ಲಿ ಫೀಸಿಲ್ಲ. ಆದರೆ ಯಾವ ವಿಷಯದಲ್ಲೂ ಅರವತ್ತಕ್ಕಿಂತ ಕೆಳಗೆ ಬೀಳಬಾರದು. ಬಿದ್ದರೆ ಸೀಟು ಇಲ್ಲ. ದುಡ್ಡು ಕೊಡುವ ಮಕ್ಕಳು ಸೊನ್ನೆ ತೆಗೆದರೂ ಕೂರಬಹುದು.

ಮಾರನೇ ದಿನ ಸಂಜೆ ಮನೆಗೆ ಬಂದರೆ ಮೆಣಸು ಪುಸ್ತಕ ಮುಂದಿಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು.

“ಅಜ್ಜಿ, ನಾನು ಎಡಗಡೆ ಸಾಲು.”

“ಏನೀಗ?”

“ಬಲಗಡೆ ಸಾಲಿನೋರು ನಿಂಗೆ ಬೀಗದ ಕೈ ಕೊಡಬೇಕು ಅಂತ ಬರೀಬೇಕು. ಎಡಗಡೆಯೋರು ಕೊಡಬಾರದು ಅಂತ.”

ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. “ಬಲಗಡೆ ಹೋಗ್ತೀನಿ ಅನ್ನಬೇಕಿತ್ತು.”

“ಅಂದೆ. ‘ತನಗೆ ಒಪ್ಪದ ಪಕ್ಷಕ್ಕೂ ವಾದ ಮಾಡೋಕೆ ಬರಬೇಕು, ಅದೇ ವಿದ್ಯೆ’ ಅಂದರು. ‘ಬೇರೆಯವರಿಗಿಂತ ನಿನಗೆ ಇದು ಒಳ್ಳೇ ಅಭ್ಯಾಸ’ ಅಂದರು. ಎಲ್ಲರೂ ತಿರುಗಿ ನನ್ನೇ ನೋಡಿದರು. ಬೋರ್ಡ್ ಮೇಲೆ ದೊಡ್ಡದಾಗಿ ಬರೆದಿದ್ದರು ಅಜ್ಜಿ. ‘ಬೋರ್ಡಜ್ಜಿಗೆ ಬೀಗದ ಕೈ ಬೇಕೇ, ಬೇಡವೇ?’ ನೀನು ನೋಡಲಿಲ್ವಾ?”

ನೋಡಿರಲಿಲ್ಲ. ಆವತ್ತು ಬೇರೆ ಕ್ಲಾಸುಗಳನ್ನು ಮೊದಲು ಮುಗಿಸಿ ಹೋಗಿದ್ದೆ, ಪಾಠವೂ ಕಿವಿಗೆ ಬಿದ್ದಿರಲಿಲ್ಲ. ಎಂಟು ಬೋರ್ಡು ಒರೆಸುವವಳು ಎಲ್ಲವನ್ನೂ ಓದುವುದಿಲ್ಲ. ನನ್ನ ಉಚ್ಚೆಯ ಮೇಲಿನ ಚರ್ಚೆಯನ್ನು ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಿ ಬಂದಿದ್ದೆ.

“ನಾನು ಬರೆಯಲ್ಲ” ಅಂದಳು ಮೆಣಸು.

“ಸೊನ್ನೆ ಕೊಡ್ತಾರೆ.”

“ಕೊಡಲಿ.”

“ಸೀಟು ಹೋಗುತ್ತೆ ಕಣೇ.”

ಅವಳ ಅಮ್ಮ, ನನ್ನ ಮಗಳು, ಇಸ್ತ್ರಿ ಅಂಗಡಿಯ ಕೆಲಸ ಮುಗಿಸಿ ಬಂದು ಅಂಗೈಯ ಬೊಬ್ಬೆಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ತಲೆ ಎತ್ತದೆ ಅಂದಳು, “ಬರೆದು ಬಿಸಾಕೇ. ಕಾಗದ ತಾನೆ.”

“ಏನಂತ ಬರೀಲಿ? ನಂಗೆ ಒಂದು ಕಾರಣವೂ ಹೊಳೀತಿಲ್ಲ.”

ಆಗ ನಾನು ಹೇಳಿದೆ. ನಾನೇ ಹೇಳಿದೆ. ಹುಡುಕಬೇಕಾದ್ದೇ ಇರಲಿಲ್ಲ, ಇಪ್ಪತ್ತಾರು ವರ್ಷ ಬೆನ್ನ ಹಿಂದೆ ಕೇಳಿದ ಮಾತುಗಳು. “ಬರಕೋ. ಒಂದು, ದಿನವಿಡೀ ಕೊಳೆ ಮುಟ್ಟೋ ಕೈ ಅದು, ಅದೇ ಕೈಯಲ್ಲಿ ಚಿಲಕ ಮುಟ್ಟುತ್ತಾರೆ. ಎರಡು, ಇವತ್ತು ಬೀಗದ ಕೈ ಕೇಳಿದೋರು ನಾಳೆ ಕುರ್ಚಿ ಕೇಳ್ತಾರೆ. ಮೂರು, ಇಷ್ಟು ವರ್ಷ ಇಲ್ಲದೇನೇ ನಡೆದಿದೆ, ಇನ್ನು ಮುಂದೂ ನಡೆಯುತ್ತೆ.”

ಮೆಣಸು ಬರೆದಳು. ಪೆನ್ನನ್ನು ಎಷ್ಟು ಒತ್ತಿ ಹಿಡಿದಿದ್ದಳೆಂದರೆ ಅಡಿಯ ಎರಡು ಹಾಳೆ ತೂತಾದವು.

“ಎದುರಿನವರು ಏನಂತಾರೆ?” ಕೇಳಿದಳು.

“ತಡ್ಕೊಳ್ಳೋಕಾಗಲ್ಲ ಅಂತಾರೆ ಅಂತ ಬರಿ.”

“ಅದಕ್ಕೆ ಉತ್ತರ?”

ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. ಆಮೇಲೆ ತಾನೇ ಬರೆದುಕೊಂಡಳು. ಬರೆದಿದ್ದನ್ನು ಗಟ್ಟಿಯಾಗಿ ಓದಿದಳು. “ಇಲ್ಲಿಯವರೆಗೂ ತಡೆದುಕೊಂಡೇ ಬಂದಿದ್ದಾರೆ.”

ಕೊಡಲಿ ಕಾವು ಕುಲಕ್ಕೆ ಮೂಲ ಅಂತಾರೆ. ಆ ರಾತ್ರಿ ಕಾವು ನಾನೇ ಆದೆ. ಹುಡುಗಿಯ ಸೀಟು ಉಳಿಯಲಿ ಅಂತ ಆದೆ. ಅದನ್ನು ಸಮಾಧಾನ ಅಂತ ಹೇಳುತ್ತಿಲ್ಲ. ನಡೆದದ್ದು ಹೇಳುತ್ತಿದ್ದೇನೆ.

ಎಂಟು ದಿನ ಕಾದೆವು. ಗಟ್ಟಿಬಾಯಿ ಮಧ್ಯಾಹ್ನ ಸಂತೆಬೀದಿಯ ದುಡ್ಡಿನ ಪಾಯಖಾನೆಗೆ ಹೋಗಿ ಬರುತ್ತಿದ್ದಳು. ಹೋಗಲು ಹದಿನೈದು ನಿಮಿಷ, ಬರಲು ಹದಿನೈದು. ಗುಮಾಸ್ತ ಅದನ್ನು ರಜೆ ಅಂತ ಬರೆದುಕೊಂಡ. ಮತ್ತೆ ಅವಳು ನೀರು ಕುಡಿಯುವುದನ್ನು ಬಿಟ್ಟಳು. ಬಾಟಲಿ ತುಂಬಿದ ಹಾಗೇ ಬಕೆಟ್ ಪಕ್ಕ ನಿಂತಿರುತ್ತಿತ್ತು. ಮೆಟ್ಟಿಲು ಹತ್ತುವಾಗ ಸೊಂಟ ಹಿಡಿದುಕೊಳ್ಳುತ್ತಿದ್ದಳು.

ಮೇಷ್ಟ್ರ ಪಾಠದ ಸುದ್ದಿ ಕೇಳಿ ಅವಳು ಅಂದಿದ್ದು ಇಷ್ಟು. “ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆ ಯಪ್ಪಂಗೆ ಒಂದ್ಸಲ ಉಚ್ಚೇಲಿ ಕಲ್ಲು ಕಟ್ಟಿಕೊಳ್ಳಬೇಕು ದೊಡ್ಡಕ್ಕ. ಆಗ ಯೋಜನೆ ಹಾಕಲಿ.”

ಒಂಬತ್ತನೇ ದಿನ ಹತ್ತು ಗಂಟೆಗೆ ಹೆಡ್ ಮೇಡಂ ಕರೆಸಿದರು. ಪ್ರಬಂಧದ ಮೇಷ್ಟ್ರು ಪಕ್ಕದ ಕುರ್ಚಿಯಲ್ಲಿದ್ದರು. ಇಸ್ತ್ರಿ ಮಾಡಿದ ಅಂಗಿ, ಹೊಸ ಪೆನ್ನು. ಮೇಜಿನ ಮೇಲೆ ನನ್ನ ಅರ್ಜಿ. ಅದರಲ್ಲಿ ಒಂದೇ ಒಂದು ಸಾಲಿನ ಕೆಳಗೆ ಕೆಂಪು ಗೆರೆ ಇತ್ತು.

“ನೋಡಮ್ಮ” ಅಂದರು ಮೇಡಂ. “ನೀನೇ ಬರೆದಿದ್ದೀಯ. ಮೈಯಲ್ಲಿ ಕೊಳೆ ಅಂಟಿರುತ್ತೆ, ಕೂತ ಕಡೆ ಕೂತರೆ ರೋಗ ಬರುತ್ತೆ. ನಾವಾಗಿ ಹೇಳಿದ್ರೆ ತಪ್ಪಾಗುತ್ತಿತ್ತು. ನಿನ್ನ ಸಹಿ ಇದೆ. ಕಮಿಟಿಯೋರು ಇದನ್ನ ನೋಡಿದ ಮೇಲೆ ಹೇಗೆ ಒಪ್ತಾರೆ?”

“ಅದು ಎದುರಿನವರ ಮಾತು ಮೇಡಂ. ಮೂರನೇ ಚೌಕ.”

“ಯಾವ ಚೌಕ?”

ನಾನು ಮೇಷ್ಟ್ರ ಮುಖ ನೋಡಿದೆ. ಅವರು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದರು. “ಅದಕ್ಕೆ ಉತ್ತರ ಅಷ್ಟು ಬಲವಾಗಿ ಬರಲಿಲ್ಲ, ಏನ್ಮಾಡೋದು” ಅಂದರು. ಉತ್ತರ ಬರೆದವರು ಯಾರು ಅಂತ ಅವರಿಗೆ ಮರೆತೇ ಹೋಗಿತ್ತು.

“ನಾವು ಏಕಪಕ್ಷೀಯವಾಗಿ ತೀರ್ಮಾನ ಮಾಡಿಲ್ಲ” ಅಂದರು ಮೇಡಂ. “ಮಕ್ಕಳ ಎರಡೂ ಕಡೆಯ ಪ್ರಬಂಧ ಓದಿದ್ವಿ. ಬೇಡ ಅನ್ನೋ ಕಡೆಯದ್ದೇ ಗಟ್ಟಿಯಾಗಿದೆ. ಅದರಲ್ಲೂ ಅತ್ಯುತ್ತಮ ಅಂತ ಮೇಷ್ಟ್ರು ಆರಿಸಿದ್ದು ಯಾರದ್ದು ಗೊತ್ತಾ? ನಿನ್ನ ಮೊಮ್ಮಗಳದ್ದು! ನೂರಕ್ಕೆ ತೊಂಬತ್ತೆರಡು. ನೀನು ಹೆಮ್ಮೆ ಪಡಬೇಕು.”

“ಸ್ವಂತ ಅನುಭವದ ಸ್ಪರ್ಶ ಇದೆ” ಅಂದರು ಮೇಷ್ಟ್ರು. “‘ಇಲ್ಲಿಯವರೆಗೂ ತಡೆದುಕೊಂಡೇ ಬಂದಿದ್ದಾರೆ’ ಅನ್ನೋ ಸಾಲು, ಆಹಾ. ಇವತ್ತು ಬರೋ ಅತಿಥಿಗಳ ಮುಂದೆ ಅವಳಿಂದಲೇ ಓದಿಸ್ತೀನಿ.”

ಬೇರೆ ಶಾಲೆಗಳ ಮೇಷ್ಟ್ರುಗಳು ಹನ್ನೊಂದಕ್ಕೆ ಬರುವವರಿದ್ದರು. ನಮ್ಮ ಮೇಷ್ಟ್ರು ಪ್ರಬಂಧ ಕಲಿಸುವ ರೀತಿ ನೋಡಲಿಕ್ಕೆ. ಎಂಥ ರೀತಿ! ಒಬ್ಬಳ ಬಾಯಿಂದ ಅವಳ ಅವಮಾನ ಬರೆಸಿಕೊಂಡು, ಅವಳ ಮೊಮ್ಮಗಳ ಕೈಯಲ್ಲಿ ಅದಕ್ಕೆ ಮೂರು ಕಾರಣ ಕೊಡಿಸಿ, ಮೇಲೆ ಅಂಕ ಹಾಕಿ ಚಪ್ಪಾಳೆ ತಟ್ಟಿಸುವ ರೀತಿ. ಇದನ್ನು ನೋಡಲು ಜನ ಬಸ್ಸು ಹತ್ತಿ ಬರುತ್ತಿದ್ದರು.

“ಸರಿ, ಹೋಗು” ಅಂದರು ಮೇಡಂ. “ನನ್ನ ಬಾತ್‌ರೂಮ್ ಇನ್ನೊಂದ್ಸಲ ತೊಳಿ. ಅತಿಥಿ ಮೇಡಂ ಅದನ್ನೇ ಬಳಸ್ತಾರೆ.” ಬೀಗದ ಕೈ ತಳ್ಳಿದರು.

ಗಟ್ಟಿಬಾಯಿ ಹೊರಗೆ ಕಾಯುತ್ತಿದ್ದಳು. ನನ್ನ ಮುಖ ನೋಡಿದಳು. ಬಕೆಟ್ ಎತ್ತಿಕೊಂಡಳು.

ನಾನು ಮೊಣಕಾಲೂರಿ ತೊಳೆದೆ. ಮೊದಲು ನೆಲ, ಆಮೇಲೆ ಗೋಡೆಯ ಬಿಳಿ ಬಿಲ್ಲೆ, ಆಮೇಲೆ ಬೇಸಿನ್, ಕೊನೆಗೆ ಸೀಟು. ಅಂಚಿನ ಒಳಗಡೆ ಬೆರಳು ಹಾಕಿ ಉಜ್ಜಿದೆ. ಬ್ರಷ್ಷು ಅಲ್ಲಿಗೆ ಹೋಗುವುದಿಲ್ಲ, ಬೆರಳೇ ಹೋಗಬೇಕು. ಒಣಬಟ್ಟೆಯಲ್ಲಿ ಒರೆಸಿದೆ. ಹೊಳೆಯಿತು.

ಎದ್ದು ನಿಂತೆ. ಬ್ರಷ್ಷು, ಬಕೆಟ್ ಎತ್ತಿ ಗಟ್ಟಿಬಾಯಿಯ ಕೈಗೆ ಕೊಟ್ಟೆ. ಒಳಗೆ ಬಂದೆ. ಬಾಗಿಲು ಹಾಕಿ ಚಿಲಕ ಎಳೆದೆ.

ಕೂತೆ.

ತಣ್ಣಗಿತ್ತು. ಮೊದಲು ಏನೂ ಬರಲಿಲ್ಲ. ಇಷ್ಟು ವರ್ಷ ತಡೆದ ಮೈಗೆ ಬಿಡುವುದೇ ಗೊತ್ತಿರಲಿಲ್ಲ. ಬಾಗಿಲ ಹೊರಗೆ ಹೆಜ್ಜೆ ಸದ್ದು, ಮಾತು.

“ಒಳಗೆ ಯಾರು?” ಪ್ರಬಂಧದ ಮೇಷ್ಟ್ರು.

“ಜನ” ಅಂದಳು ಗಟ್ಟಿಬಾಯಿ.

“ಜನ ಅಂದ್ರೆ?”

“ನಿಮ್ಮ ಹಂಗೇ ಸಾರ್. ಎರಡು ಕಾಲು, ಒಂದು ಹೊಟ್ಟೆ.”

ಮೇಷ್ಟ್ರಿಗೆ ಅರ್ಥವಾಯಿತು. ಬಾಗಿಲ ಹತ್ತಿರ ಬಂದು ಮೆತ್ತಗೆ ಅಂದರು, “ಅಮ್ಮಾ, ಇದು ಸರಿಯಾದ ಮಾರ್ಗ ಅಲ್ಲ. ನಿಮ್ಮ ವಾದ ದುರ್ಬಲ ಆಗುತ್ತೆ. ಇನ್ನೊಂದು ಅರ್ಜಿ ಬರೆಯೋಣ, ನಾನು ಸಹಾಯ ಮಾಡ್ತೀನಿ.”

“ನೀವು ಮಾಡಿದ್ದು ಸಾಕು” ಅಂದೆ. “ವಾದ ಅಲ್ಲ ಸಾರ್ ಇದು. ಉಚ್ಚೆ.”

ಗಟ್ಟಿಬಾಯಿ ನಕ್ಕಿದ್ದು ಇಡೀ ಕಾರಿಡಾರಿಗೆ ಕೇಳಿಸಿತು.

ಆಮೇಲೆ ಹೆಡ್ ಮೇಡಂ ಬಂದರು. ಅವರ ಹಿಂದೆ ತುಂಬ ಚಪ್ಪಲಿಗಳ ಸದ್ದು. ಅತಿಥಿಗಳು ಬಂದಿದ್ದರು. ಮೇಡಂ ಬಾಗಿಲಿಗೆ ಬಾಯಿಟ್ಟು ಹಲ್ಲು ಕಚ್ಚಿ ಅಂದರು, “ಹೊರಗೆ ಬಾ. ಮೊಮ್ಮಗಳ ಸೀಟು ನೆನಪಿದೆಯಾ?”

“ನೆನಪಿದೆ” ಅಂದೆ. “ಅದಕ್ಕೇ ಆವತ್ತು ಬರೆಸಿದ್ದು. ಇನ್ನು ಬರೆಸಲ್ಲ. ಅವಳು ಅದನ್ನ ಓದೋದೂ ಇಲ್ಲ ಇವತ್ತು.”

“ಕೆಲಸ ಹೋಗುತ್ತೆ.”

“ಹೋಗಲಿ. ನಾಳೆಯಿಂದ ನೀವು ಉಜ್ಜಿ.”

ಹೊರಗೆ ಎಲ್ಲರೂ ಸುಮ್ಮನಾದರು. ಆ ಮೌನದಲ್ಲಿ ನನಗೆ ಬಂತು. ಸದ್ದಾಗಿ ಬಂತು. ಎಲ್ಲರಿಗೂ ಕೇಳಿಸಿರಬೇಕು. ನಾನು ಅವಸರ ಮಾಡಲಿಲ್ಲ. ಮುಗಿಸಿ, ನೀರು ಬಿಟ್ಟು, ಮೇಡಂ ಸೋಪಿನಲ್ಲೇ ಕೈ ತೊಳೆದು, ಮೇಡಂ ಟವೆಲ್ಲಿನಲ್ಲೇ ಒರೆಸಿಕೊಂಡು ಬಾಗಿಲು ತೆಗೆದೆ.

ಮೇಡಂ ನನ್ನ ಕಡೆ ನೋಡಲಿಲ್ಲ. ಗಟ್ಟಿಬಾಯಿಗೆ ಹೇಳಿದರು. “ಫಿನಾಯಿಲ್ ಹಾಕಿ ಉಜ್ಜು. ಸೀಟು, ಚಿಲಕ, ನಲ್ಲಿ, ಇವಳು ಮುಟ್ಟಿದ್ದೆಲ್ಲಾ. ಬೇಗ.”

ಗಟ್ಟಿಬಾಯಿ ಬಕೆಟ್ಟನ್ನೂ ಬ್ರಷ್ಷನ್ನೂ ಮೇಡಂ ಕಾಲ ಬಳಿ ಇಟ್ಟಳು. ಬಾಟಲಿ ಬಿಚ್ಚಿದಳು. ಎಲ್ಲರೂ ನೋಡುತ್ತಿರುವಂತೆ ಗಟಗಟ ಕುಡಿದಳು, ಅರ್ಧ ಬಾಟಲಿ ಖಾಲಿಯಾಗುವವರೆಗೆ. ಬಾಯಿ ಒರೆಸಿಕೊಂಡಳು. ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ಕಾರಿಡಾರಿನ ಆ ತುದಿಯಲ್ಲಿ ಗುಡಿಸುತ್ತಿದ್ದ ನಮ್ಮ ಇನ್ನಿಬ್ಬರೂ ಪೊರಕೆಗಳನ್ನು ಗೋಡೆಗೆ ಒರಗಿಸಿದರು. ಬಂದು ಬಾಗಿಲ ಮುಂದೆ ಒಬ್ಬಳ ಹಿಂದೆ ಒಬ್ಬಳು ನಿಂತರು.

ಅತಿಥಿ ಮೇಡಂ ದೂರದಿಂದ ಬಸ್ಸಿನಲ್ಲಿ ಬಂದಿದ್ದರು. ಹೆಡ್ ಮೇಡಂ ಮುಖ ನೋಡಿದರು, ಮೇಷ್ಟ್ರ ಮುಖ ನೋಡಿದರು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು. ಆಮೇಲೆ ಹೋಗಿ ಆ ಇಬ್ಬರ ಹಿಂದೆ ಸಾಲಿನಲ್ಲಿ ನಿಂತರು.